ಪ್ಯಾಡ್ ಹೊಸದು, ಸದ್ದು ನನ್ನದು

ಮಂಡ್ಯ ಸೀಮೆಯಲ್ಲಿ ಗಾಡಿಯ ಸದ್ದು ಗಾಡಿ ಇಟ್ಟವನ ಸ್ವಂತ ವಿಷಯವಲ್ಲ. ಬೆಲ್ಟ್ ಕೀರಿದರೆ ಪಕ್ಕದ ಬೈಕಿನವನು ಗಾಜು ಇಳಿಸಲು ಸನ್ನೆ ಮಾಡಿ ರೋಗ ಹೇಳುತ್ತಾನೆ. ಸೈಲೆನ್ಸರ್ ತೂತಾದರೆ ಟೀ ಅಂಗಡಿ ಕಟ್ಟೆಯ ಮೇಲೆ ಕೂತವರು ಔಷಧಿ ಹೇಳುತ್ತಾರೆ. ಹೀಗಿರುವಾಗ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಕಾರು ಹಂಪು ಸಿಕ್ಕಿದಲ್ಲೆಲ್ಲ ಕಿರುಚತೊಡಗಿದರೆ, ಮಂಡ್ಯದಿಂದ ಮಳವಳ್ಳಿಯವರೆಗೆ ವೈದ್ಯರಿಗೇನು ಕೊರತೆ? ನಾನು ಅವರೆಲ್ಲರ ಮಾತನ್ನೂ ಕೇಳಿದೆ. ಪ್ಯಾಡ್ ಹಾಕಿದ ಮೆಕ್ಯಾನಿಕ್ ಮೊದಲೇ ಹೇಳಿದ್ದನ್ನು ಮಾತ್ರ ಕೇಳಲಿಲ್ಲ.

ನನ್ನ ಮನೆ ಮಂಡ್ಯದಲ್ಲಿ, ಪಾಠ ಮಾಡುವುದು ಮಳವಳ್ಳಿಯಲ್ಲಿ. ಮದ್ದೂರಿನಲ್ಲಿ ಸಹೋದ್ಯೋಗಿಯೊಬ್ಬರನ್ನು ಹತ್ತಿಸಿಕೊಂಡು ಕೆ.ಎಂ. ದೊಡ್ಡಿ ಮೇಲೆ ಹೋಗುವುದು ರೂಢಿ. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರಿನ ಧಾವಂತವೆಲ್ಲ ಆ ಕಡೆ ಹೋಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲವೆಂದಾಗ ಅವೆಲ್ಲ ನಮ್ಮ ಪಾಲಿಗೆ ಬಂದವು. ಊರಿಗೊಂದು ಹಂಪು, ಅಡ್ಡ ಬರುವ ದನ, ಕಬ್ಬು ಹೇರಿಕೊಂಡು ಓಲಾಡುವ ಟ್ರ್ಯಾಕ್ಟರು. ಬ್ರೇಕಿನ ಮೇಲಿಂದ ಕಾಲು ತೆಗೆಯುವ ಹಾಗಿಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಪ್ಯಾಡುಗಳೇ ಮೊದಲು ಸವೆಯುವುದು.

ಹಳೆಯ ಪ್ಯಾಡುಗಳು ಸುಮ್ಮನೆ ಸತ್ತವಲ್ಲ, ಕೂಗಿ ಹೇಳಿಯೇ ಸತ್ತವು. ಅನೇಕ ಪ್ಯಾಡುಗಳಿಗೆ ಒಂದು ಸಣ್ಣ ತಗಡಿನ ನಾಲಗೆ ಇರುತ್ತದೆ. ಉಜ್ಜುವ ಭಾಗ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ನಾಲಗೆ ಡಿಸ್ಕಿಗೆ ತಗುಲಿ ಕೀರುತ್ತದೆ, ಬದಲಾಯಿಸು ಎಂದು. ನಾನು ಎಫ್‌ಎಂ ಜೋರು ಮಾಡಿಕೊಂಡೆ. ಆಮೇಲೆ ಕೀರಲು ಹೋಗಿ ಗರಗರ ಶುರುವಾಯಿತು. ಹಾಗೆಂದರೆ ಪ್ಯಾಡು ಮುಗಿದು ಅದರ ಹಿಂದಿನ ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಕೆತ್ತುತ್ತಿದೆ ಎಂದರ್ಥ. ಮಂಡ್ಯದ ಗ್ಯಾರೇಜಿನ ಹುಡುಗ ಚಕ್ರ ಬಿಚ್ಚಿ, ನನ್ನ ಬೆರಳು ಹಿಡಿದು ಡಿಸ್ಕಿನ ಮೇಲೆ ಆಡಿಸಿದ. ಗೀರುಗಳಲ್ಲಿ ಉಗುರು ಸಿಕ್ಕಿಕೊಂಡಿತು.

"ಉಗುರು ಸಿಕ್ಕಾಕತಿದ್ರೆ ಲೇತ್‌ಗೆ ಹಾಕ್ಸಬೇಕು ಸಾರ್. ನಾಳೆ ಸಾಯಂಕಾಲ ಗಾಡಿ ತಗೊಂಡೋಗಿ."

"ನಾಳೆ ಬೀಗರ ಊಟ ಇದೆ ಕಣಪ್ಪ, ಪ್ಯಾಡ್ ಅಷ್ಟೇ ಹಾಕು" ಎಂದೆ. ಪ್ಯಾಡನ್ನೂ ನಾನೇ ತಂದುಕೊಟ್ಟಿದ್ದೆ. ಗ್ಯಾರೇಜಿನವರು ಸ್ಪೇರ್ ಪಾರ್ಟ್ಸಿನಲ್ಲಿ ಕಾಸು ಹೊಡೆಯುತ್ತಾರೆಂಬ ನಮ್ಮ ಮನೆತನದ ಹಳೆಯ ನಂಬಿಕೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಡಬ್ಬಿ ಆರಿಸಿದ್ದೆ. ಅವನು ಅದನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಶಿಮ್ಮೂ ಇಲ್ಲ, ಕ್ಲಿಪ್ಪೂ ಇಲ್ಲ ಸಾರ್" ಎಂದ. ಹಳೆಯದನ್ನೇ ಹಾಕು ಎಂದೆ. ಹಳೆಯವು ತುಕ್ಕು ಹಿಡಿದು ಮುರಿದಿದ್ದವು.

ಮರುದಿನ ಕಲ್ಯಾಣ ಮಂಟಪದ ಅಂಗಳಕ್ಕೆ ಕಾರು ತಿರುಗಿಸಿದಾಗ ಎದ್ದ ಸದ್ದಿಗೆ ಕೈತೊಳೆಯುತ್ತಿದ್ದವರೂ ಹಿಂದಿರುಗಿ ನೋಡಿದರು. "ಹೊಸ ಪ್ಯಾಡಾ? ಹಳೇದೇ ವಾಸಿ ಇತ್ತಲ್ಲ ಭಾವ" ಎಂದು ಭಾಮೈದ ಊಟದ ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಮುದ್ದೆ ಮುರಿಯುತ್ತಲೇ ನಾನು ಮೆಕ್ಯಾನಿಕ್ಕಿನ ಮಾನ ಕಳೆಯಲು ಶುರುಮಾಡಿದೆ. ಕೆಲಸ ಬಾರದವನು, ದುಡ್ಡಿಗೆ ಬಾಯಿ ಬಿಡುವವನು ಎಂದೆಲ್ಲ. ಮುಂದೆ ಸ್ಟಾಫ್ ರೂಮಿನಲ್ಲಿ, ಮದ್ದೂರಿನ ಟೀ ಅಂಗಡಿಯಲ್ಲಿ ಅದೇ ಪಾಠ ನಡೆಯಿತು. ಗ್ಯಾರೇಜು ಯಾವುದೆಂದೂ ಬಿಡಿಸಿ ಹೇಳಿದೆ.

ಕೀರಲು ಬರುವುದು ಹೀಗೆ. ಪ್ಯಾಡು ಡಿಸ್ಕನ್ನು ಕಚ್ಚಿ, ಜಾರಿ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಆ ನಡುಕಕ್ಕೆ ಡಿಸ್ಕು ಜಾಗಟೆಯಂತೆ ಮೊಳಗುತ್ತದೆ. ಜಾಗಟೆಯ ಬೆನ್ನಿಗೆ ಅಂಗೈ ಒತ್ತಿದರೆ ನಾದ ಸಾಯುತ್ತದಲ್ಲ, ಪ್ಯಾಡಿನ ಬೆನ್ನಿಗೆ ಅಂಟಿಸುವ ತೆಳು ಶಿಮ್ಮಿನ ಕೆಲಸ ಅದೇ. ನಾನು ಅಂಗೈ ತೆಗೆದುಬಿಟ್ಟಿದ್ದೆ. ಸಾಲದ್ದಕ್ಕೆ ಗೀರು ಬಿದ್ದ ಡಿಸ್ಕಿನ ಮೇಲೆ ಸಪಾಟಾದ ಹೊಸ ಪ್ಯಾಡು ಕೂರಿಸಿದ್ದೆ. ಅದು ಉಬ್ಬುಗಳಿಗೆ ಮಾತ್ರ ತಗುಲುತ್ತಿತ್ತು. ಹೊಸ ಪ್ಯಾಡು ಮೊದಲ ದಿನಗಳಲ್ಲಿ ಒಂದಿಷ್ಟು ಸದ್ದು ಮಾಡುವುದು ಸಹಜವೇ. ಮಳೆ ಬಿದ್ದ ರಾತ್ರಿ ಕಳೆದು ಬೆಳಿಗ್ಗೆ ಕಾರು ತೆಗೆದಾಗ ಕೇಳುವ ಕರಕರವೂ ಅಷ್ಟೆ, ಡಿಸ್ಕಿನ ಮೇಲಿನ ತುಕ್ಕಿನ ಪೊರೆ ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ನನ್ನ ಕಾರಿನದು ಆ ಜಾತಿಯದಲ್ಲ. ಇದೆಲ್ಲ ಆಮೇಲೆ ಕಲಿತ ವಿದ್ಯೆ ಬಿಡಿ.

ಆಗ ನನಗೆ ಬೇಕಿದ್ದದ್ದು ಸದ್ದು ನಿಲ್ಲುವುದು ಮಾತ್ರ. ಬಿಸಿ ಡಿಸ್ಕಿಗೆ ನೀರು ಹೊಯ್ಯಿರಿ ಎಂದ ಒಬ್ಬ. ಪುಣ್ಯಕ್ಕೆ ಹೊಯ್ಯಲಿಲ್ಲ, ಡಿಸ್ಕು ಸೊಟ್ಟಗಾಗುತ್ತಿತ್ತು. ಪಂಚರ್ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಪರಿಚಯವೇ ಇಲ್ಲದವನೊಬ್ಬ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ತಂದು, "ಬಲಗಡೆಯಿಂದ ಬತ್ತಾದೆ ಸಾ" ಎಂದು ಚಕ್ರದ ಸಂದಿನಿಂದ ಡಿಸ್ಕಿನ ಮೇಲೆ ಪುಸ್ಸೆಂದು ಹೊಡೆದ. ಎಣ್ಣೆಯ ವಾಸನೆ ಬಂತು. ಬೇಡವೆನ್ನಬೇಕಿತ್ತು. ಓಡಿಸಿ ನೋಡಿದೆ, ಸದ್ದೇ ಇಲ್ಲ! ಅವನಿಗೆ ಟೀ ಕೊಡಿಸಿದೆ.

ಹುರುಳಿ ಕೊಯ್ಲಿನ ಕಾಲ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಿಕೊಡಲೆಂದು. ಅದು ಅಪಾಯ, ಹಾಗೆ ಮಾಡಬೇಡಿ ಎಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ, ಜನ ಹರಡುತ್ತಲೇ ಇರುತ್ತಾರೆ. ಸಂಜೆ ಮಬ್ಬಿನಲ್ಲಿ ಹಿಂದಿರುಗುತ್ತಿದ್ದೆ. ಮುಂದೆ ಎರಡು ಟ್ರೈಲರಿನ ಕಬ್ಬಿನ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ. ಕಂಡಾಗ ತೀರಾ ಹತ್ತಿರ ಬಂದಿದ್ದೆ. ಬ್ರೇಕ್ ಒತ್ತಿದೆ. ಎಡಗಡೆಯ ಚಕ್ರ ಕಚ್ಚಿತು, ಎಣ್ಣೆ ಕುಡಿದ ಬಲಗಡೆಯದು ಜಾರಿತು, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆಯಂಚಿನ ಹುರುಳಿ ಗುಡ್ಡೆಗೆ ನುಗ್ಗಿ ನಿಂತಿತು. ಗುಡ್ಡೆಯಾಚೆ ನಾಲೆ. ನಾಲೆಗೆ ಬಿದ್ದ ಗಾಡಿಗಳ ಸುದ್ದಿ ಮಂಡ್ಯದವರಿಗೆ ಹೊಸದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಸ್ಟೀರಿಂಗ್ ಹಿಡಿದ ಕೈ ಬಹಳ ಹೊತ್ತು ಬಿಡಿಸಿಕೊಳ್ಳಲಿಲ್ಲ.

ಕಾವಲಿಗೆ ಕೂತಿದ್ದ ಅಜ್ಜಿ ಕೋಲೂರಿಕೊಂಡು ಬಂದು ಒಳಗೆ ಇಣುಕಿದಳು. ಏಟಾಗಿಲ್ಲವೆಂದು ಖಾತ್ರಿಯಾದ ಮೇಲೆ, "ಕಾರು ಹತ್ಲಿ ಅಂತ್ಲೇ ಕಣಪ್ಪ ಹಾಕಿರಾದು. ಆದ್ರೆ ಹೋಗೋ ಕಾರು ಹತ್ಬೇಕು, ನಿಲ್ಲೋ ಕಾರಲ್ಲ" ಎಂದಳು.

ಮಳವಳ್ಳಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚಿ ಮೂಸಿ ನೋಡಿದರು. ಪ್ಯಾಡು ಎಣ್ಣೆ ಹೀರಿದ ಮೇಲೆ ತೊಳೆದರೂ ಉಜ್ಜಿದರೂ ನಂಬುವಂತಿಲ್ಲ ಎಂದು ಎರಡು ಬದಿಯದನ್ನೂ ಬಿಸಾಡಿದರು. ಡಿಸ್ಕಿನ ಅಂಚಿನಲ್ಲಿ ಅಚ್ಚೊತ್ತಿದ್ದ ಕನಿಷ್ಠ ದಪ್ಪ ಓದಿ, ಅಳೆದು, ಲೇತಿನಲ್ಲಿ ತೆಳ್ಳಗೆ ಹೆರೆಸಲು ಇನ್ನೂ ಜಾಗವಿದೆ ಎಂದರು. ಕ್ಯಾಲಿಪರಿನ ಪಿನ್ನುಗಳಲ್ಲಿ ಒಂದು ಕಚ್ಚಿಕೊಂಡಿತ್ತು. ತೊಳೆದು ಬ್ರೇಕಿಗೆಂದೇ ಇರುವ ಗ್ರೀಸು ಸವರಿದರು, ಪಿನ್ನಿಗೆ ಮತ್ತು ಪ್ಯಾಡಿನ ಬೆನ್ನಿಗೆ ಮಾತ್ರ. ಶಿಮ್ಮು, ಕ್ಲಿಪ್ಪು ಎಲ್ಲ ಹೊಸದು. ಪಕ್ಕದಲ್ಲಿದ್ದ ಹುಡುಗ ಬ್ರೇಕಿನ ಪುಡಿಯನ್ನು ಬಾಯಿಂದ ಊದಲು ಹೋದಾಗ ತಲೆಗೊಂದು ಮೊಟಕಿ ಒದ್ದೆ ಬಟ್ಟೆ ಕೊಟ್ಟರು.

"ಈಗ ಶಿವನಸಮುದ್ರದ ಕಡೆ ಬೆಳಿಗ್ಗೆನೇ ಹೋಗ್ಬನ್ನಿ" ಎಂದದ್ದೂ ಅವರೇ. ಖಾಲಿ ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಏರಿಸುವುದು, ಹದವಾಗಿ ಒತ್ತಿ ಇಪ್ಪತ್ತಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು. ನಡುವೆ ಆರಲು ಬಿಡುವುದು. ಹೀಗೆ ಪ್ಯಾಡಿನ ವಸ್ತು ತೆಳುವಾಗಿ ಡಿಸ್ಕಿಗೆ ಸವರಿಕೊಂಡು ಎರಡೂ ಹೊಂದಿಕೊಳ್ಳುತ್ತವೆ. ಶಿವನಸಮುದ್ರದಲ್ಲಿ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಪ್ಯಾಡು ತಾಮ್ರದ್ದು. ಅದು ಲೋಹದ ಮೇಲೆ ಉಜ್ಜಿ ಎಬ್ಬಿಸುತ್ತಿದ್ದ ಕಿರುಚಾಟಕ್ಕೆ ಗಿರಾಕಿಗಳು ಬೆಚ್ಚುತ್ತಿದ್ದರು. ಐದು ವರ್ಷದ ಮೇಲೆ ಹರ್ಬರ್ಟ್ ಫ್ರೂಡ್ ಎಂಬಾತ ಕಲ್ನಾರಿನ ಪ್ಯಾಡು ಮಾಡಿ ಸದ್ದು ಅಡಗಿಸಿದ. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ವಿಷವೆಂದು ಜಗತ್ತು ಒಪ್ಪಿಕೊಳ್ಳಲು ದಶಕಗಳೇ ಹಿಡಿದವು. ಹುಡುಗನಿಗೆ ಬಿದ್ದ ಮೊಟಕು ಆ ಕಾಲದ್ದು.

ಕಾರು ತೊಳೆಯುವಾಗ ಡ್ಯಾಶಿನ ಗೂಡಿನಲ್ಲಿ ಮಂಡ್ಯದ ಗ್ಯಾರೇಜಿನ ಬಿಲ್ಲು ಸಿಕ್ಕಿತು. ಮೊತ್ತದ ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದಿತ್ತು: ಡಿಸ್ಕ್ ಲೇತ್ ಬೇಡ ಅಂದರು, ಪ್ಯಾಡ್ ಪಾರ್ಟಿದು. ಅದನ್ನು ಹಿಡಿದುಕೊಂಡೇ ಹೋದೆ. ನಾನು ಆಡಿಕೊಂಡದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. "ಬುಡಿ ಸಾರ್, ಎರಡು ಗಾಡಿಯೋರು ವಾಪಸ್ ತಗೊಂಡೋದ್ರು ಅಷ್ಟೇಯ" ಎಂದು ಬಗ್ಗಿ, ಚಕ್ರದ ಸಂದಿನಲ್ಲಿ ಬೆರಳು ತೂರಿಸಿ ಡಿಸ್ಕು ಸವರಿ, "ಚೆನ್ನಾಗ್ ಮಾಡವ್ರೆ" ಎಂದ.

ಮೊನ್ನೆ ಮದ್ದೂರಿನ ಅದೇ ಟೀ ಅಂಗಡಿಯಲ್ಲಿ ಒಬ್ಬಾತ ನನ್ನ ಕಾರು ಮಂಡ್ಯದ್ದೆಂದು ತಿಳಿದು, "ಅಲ್ಲೊಂದು ಗ್ಯಾರೇಜದೆ, ಆ ಕಡೆ ಮಾತ್ರ ಹೋಗ್ಬೇಡಿ ಸಾ. ಯಾರೋ ಮೇಷ್ಟ್ರ ಕಾರು ಬ್ರೇಕ್ ಫೇಲಾಗಿ ನಾಲೆಗೆ ಪಲ್ಟಿ ಹೊಡೀತಂತೆ" ಎಂದ. ಆ ಮೇಷ್ಟ್ರು ನಾನೇ, ಪಲ್ಟಿ ಹೊಡೆದಿಲ್ಲ, ಅವನದ್ದೇನೂ ತಪ್ಪಿಲ್ಲ, ಎಲ್ಲ ನನ್ನದೇ ಎಂದು ಮೊದಲಿಂದ ಕಡೆಯವರೆಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ನೀವು ಒಳ್ಳೇವ್ರು ಸಾ, ಅದ್ಕೇ ಹಂಗಂತೀರಿ" ಎಂದು ಇಬ್ಬರ ಟೀ ಕಾಸನ್ನೂ ಕೊಟ್ಟು ಬೈಕು ಹತ್ತಿದ.