ಒಂದೇ ಸಲಕ್ಕೆ ಎಷ್ಟು ಜನ

ಮೊನ್ನೆ ಪರ್ಚೇಸ್ ವಿಭಾಗದಿಂದ ಒಂದು ಮೇಲ್ ಬಂತು. ಪ್ಯಾನೆಲ್ಲಿನ ಲೋಡ್ ಲಿಸ್ಟಿನಲ್ಲಿ ಒಟ್ಟು 6.2 ಆಂಪಿಯರ್ ತೋರಿಸಿ 10 ಆಂಪಿಯರಿನ ಎಸ್‌ಎಂಪಿಎಸ್ ಬರೆದಿದ್ದೆ. "ಎಲ್ಲವೂ ಒಟ್ಟಿಗೆ ಆನ್ ಆಗೋದಿಲ್ಲ ಅಲ್ವಾ ಸರ್? 5 ಆಂಪಿಯರ್ ಸಾಲದಾ?"

ಪರ್ಚೇಸಿನವರು ಕೇಳುವುದು ಸಾಮಾನ್ಯವಾಗಿ ದುಡ್ಡಿನ ಪ್ರಶ್ನೆ. ಇದೂ ದುಡ್ಡಿನದೇ, ಆದರೆ ಪ್ರಶ್ನೆ ಚೆನ್ನಾಗಿತ್ತು. ಲೋಡ್ ಲಿಸ್ಟ್ ಅಂದರೆ ಬರೀ ಕೂಡುವ ಲೆಕ್ಕ. 5 ವ್ಯಾಟಿನ ಸೊಲೆನಾಯ್ಡ್ 20 ಇದ್ದರೆ 24 ವೋಲ್ಟಿಗೆ 4.2 ಆಂಪಿಯರ್, ಪಿಎಲ್‌ಸಿ, ಎಚ್‌ಎಂಐಗೆ ಒಂದು, ಸೆನ್ಸರು, ರಿಲೇ, ದೀಪಗಳಿಗೆ ಇನ್ನೊಂದು. ಆದರೆ ಮೆಷಿನ್ ಓಡುವಾಗ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ಅದರ ಅರ್ಧ ಕಂಡರೆ ಹೆಚ್ಚು. ಸಾವಿರ ಜನ ಉಣ್ಣುತ್ತಾರೆಂದು ಸಾವಿರ ಎಲೆ ಹಿಡಿಯುವ ಊಟದ ಹಾಲನ್ನು ಯಾವ ಛತ್ರದವರೂ ಕಟ್ಟಿಸುವುದಿಲ್ಲ. ಪಂಕ್ತಿ ಅನ್ನುವುದು ಇರುವುದೇ ಅದಕ್ಕೆ.

ಈ ಪಂಕ್ತಿಯ ಲೆಕ್ಕವನ್ನು ಗಣಿತಕ್ಕೆ ತಂದವನು ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದ. ಮರುವರ್ಷವೇ ಫೋನ್ ಕರೆಗಳ ಸಂಭವನೀಯತೆಯ ಮೇಲೆ ಮೊದಲ ಲೇಖನ ಬರೆದ. ಇಷ್ಟು ಜನ ಚಂದಾದಾರರು, ಇಷ್ಟೇ ಲೈನುಗಳು, ಕರೆ ಮಾಡಿದವನಿಗೆ ಲೈನ್ ಸಿಗದೇ ಹೋಗುವ ಸಂಭವ ಎಷ್ಟು? 1917ರಲ್ಲಿ ಅದಕ್ಕೊಂದು ಸೂತ್ರ ಕೊಟ್ಟ. ಪ್ರಪಂಚದ ಎಕ್ಸ್‌ಚೇಂಜುಗಳು ಆಮೇಲೆ ಅದನ್ನು ಹಿಡಿದೇ ಲೈನುಗಳನ್ನು ಎಣಿಸಿದವು. ಸೂತ್ರ ಇರಲಿ, ನನಗೆ ಹಿಡಿಸಿದ್ದು ಅವನ ಏಣಿ. ಶುರುವಿನಲ್ಲಿ ಅವನಿಗೆ ಪ್ರಯೋಗಾಲಯವೇ ಇರಲಿಲ್ಲ. ಅಳತೆ ಬೇಕೆಂದರೆ ರಸ್ತೆಯ ಮ್ಯಾನ್‌ಹೋಲುಗಳಿಗೇ ಇಳಿಯಬೇಕಿತ್ತು. ಏಣಿ ಹೊತ್ತ ಕೆಲಸಗಾರನೊಬ್ಬ ಅವನ ಹಿಂದೆಯೇ ಹೋಗುತ್ತಿದ್ದನಂತೆ. ಗಣಿತಜ್ಞ ಮುಂದೆ, ಏಣಿ ಹಿಂದೆ. ಪೀಣ್ಯದಲ್ಲಿ ಕಮಿಷನಿಂಗಿಗೆ ಹೊರಟ ಯಾವ ಎಂಜಿನಿಯರ್‌ಗಾದರೂ ಈ ಮೆರವಣಿಗೆ ಗುರುತು ಹತ್ತುತ್ತದೆ. ಏಣಿಯವನ ಹೆಸರು ಮಾತ್ರ ಯಾವ ಸೂತ್ರಕ್ಕೂ ಅಂಟಿಕೊಳ್ಳಲಿಲ್ಲ.

ನಮ್ಮ ದೊಡ್ಡಪ್ಪನೂ ಎಕ್ಸ್‌ಚೇಂಜಿನವರೇ, ಸೂತ್ರದ ಕಡೆಯವರಲ್ಲ, ಬ್ಯಾಟರಿ ರೂಮಿನ ಕಡೆಯವರು. ಅಲ್ಲಿ 2 ವೋಲ್ಟಿನ ಸೀಸದ ಸೆಲ್‌ಗಳು 24, ಸಾಲಾಗಿ. ಒಟ್ಟು 48 ವೋಲ್ಟು. ಪಾಸಿಟಿವ್ ತುದಿಯನ್ನು ಭೂಮಿಗೆ ಕಟ್ಟಿರುತ್ತಿದ್ದರು. ಹಾಗೆ ಮಾಡಿದರೆ ನೆಲದಡಿಯ ತಾಮ್ರದ ತಂತಿ ಕೊರೆದುಹೋಗುವುದಿಲ್ಲ. ರಜೆಯಲ್ಲಿ ನನ್ನನ್ನು ಕರೆದುಕೊಂಡು ಹೋದರೆ ಬಾಗಿಲಲ್ಲೇ ಮೂಗಿಗೆ ಆಸಿಡ್ ಹೊಡೆಯುತ್ತಿತ್ತು. ಹೈಡ್ರೋಮೀಟರಿನ ರಬ್ಬರ್ ಬುಡ್ಡೆ ಒತ್ತಿ, ಬಿಟ್ಟು, ಗಾಜಿನ ಕೊಳವೆ ಕಣ್ಣಿನ ಮಟ್ಟಕ್ಕೆ ಬರುವಂತೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆಯುವರು. ಅವರ ಪ್ಯಾಂಟುಗಳಲ್ಲಿ ಮೊಣಕಾಲಿನ ಕೆಳಗೆ ಸಣ್ಣ ಸಣ್ಣ ತೂತು. "ನಿಮ್ಮ ದೊಡ್ಡಪ್ಪನ ಸಂಬಳ ಆ ತೂತಲ್ಲೇ ಸೋರಿಹೋಯ್ತು" ಎಂದು ದೊಡ್ಡಮ್ಮ ರೇಗಿಸುತ್ತಿದ್ದರು. ಊರಿಗೆಲ್ಲ ಕರೆಂಟು ಹೋದಾಗಲೂ ಫೋನೆತ್ತಿದರೆ ಡಯಲ್ ಟೋನ್! ನನ್ನ ಪ್ಯಾನೆಲ್ಲಿನ 24 ವೋಲ್ಟು ಆ ಸಾಲಿನ ಸರಿಯಾಗಿ ಅರ್ಧ ಪಾಲು ಎಂದು ನಂಬುವುದು ನನಗಿಷ್ಟ. ಇತಿಹಾಸಕಾರರು ಒಪ್ಪದಿದ್ದರೆ ಬಿಡಲಿ.

ದೊಡ್ಡಪ್ಪ ಹೆದರುತ್ತಿದ್ದದ್ದು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನಕ್ಕೆ. ಅವತ್ತು ಊರೇ ಒಟ್ಟಿಗೆ ಫೋನೆತ್ತುತ್ತಿತ್ತು, ಅರ್ಧ ಊರಿಗೆ ಟೋನ್ ಇಲ್ಲ. ಎರ್ಲಾಂಗನ ಸೂತ್ರ ಕೈಕೊಡುವುದೂ ಅಲ್ಲೇ. ಒಬ್ಬರು ಫೋನ್ ಮಾಡುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ಸಂಬಂಧವಿಲ್ಲ ಎಂಬ ಭರವಸೆಯ ಮೇಲೆ ಅದು ನಿಂತಿದೆ. ಕೋಪನ್‌ಹೇಗನ್ನಿನ ಜನ ಹಾಗಿದ್ದಿರಬಹುದು, ನನ್ನ ಸೊಲೆನಾಯ್ಡುಗಳು ಹಾಗಲ್ಲ. ಎಲ್ಲವೂ ಒಂದೇ ಪ್ರೋಗ್ರಾಮಿನ ಮಾತು ಕೇಳುವಂಥವು. ಎಮರ್ಜೆನ್ಸಿ ಸ್ಟಾಪ್ ಬಿಡಿಸಿ ರೀಸೆಟ್ ಒತ್ತಿದರೆ ಕ್ಲ್ಯಾಂಪುಗಳೆಲ್ಲ ಒಂದೇ ಸ್ಕ್ಯಾನಿನಲ್ಲಿ ಎದ್ದು ಕೂರುತ್ತವೆ. ಮೆಷಿನ್ನಿಗೆ ದಿನವೂ ರಿಸಲ್ಟು.

ಇದು 6.2ನ್ನು ಸಮರ್ಥಿಸುತ್ತದೆ, 10ನ್ನು ಅಲ್ಲ. 10 ಇರುವುದು ಶಾರ್ಟಿಗಾಗಿ. ದೊಡ್ಡಪ್ಪನ ಬ್ಯಾಟರಿಗೆ ಶಾರ್ಟ್ ಮಾಡಿದರೆ ಕ್ಷಣದಲ್ಲಿ ಸಾವಿರಗಟ್ಟಲೆ ಆಂಪಿಯರ್ ಹರಿದು ಫ್ಯೂಸ್ ಹಾರಿಹೋಗುತ್ತಿತ್ತು, ಉಳಿದದ್ದು ಕ್ಷೇಮ. ಎಸ್‌ಎಂಪಿಎಸ್ ಮರ್ಯಾದಸ್ಥ. ತನ್ನ ಮಿತಿ ಮೀರಿ ಕೊಡುವುದಿಲ್ಲ, ವೋಲ್ಟೇಜನ್ನೇ ಇಳಿಸಿಬಿಡುತ್ತದೆ. ಎಲ್ಲೋ ಒಂದು ಸೆನ್ಸರಿನ ಕೇಬಲ್ ಚೈನಿನಲ್ಲಿ ಉಜ್ಜಿ ಸಿಪ್ಪೆ ಸುಲಿಯಿತೆನ್ನಿ, 24 ಇದ್ದದ್ದು 20ಕ್ಕಿಂತ ಕೆಳಗೆ ಜಾರಿ ಪಿಎಲ್‌ಸಿ ಮಲಗುತ್ತದೆ; ಎಂಸಿಬಿ ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. 2 ಆಂಪಿಯರಿನ ಬಿ ಕರ್ವ್ ಎಂಸಿಬಿ ತಕ್ಷಣ ಬೀಳಬೇಕಾದರೆ ಡಿಸಿಯಲ್ಲಿ ಹೆಚ್ಚೆಂದರೆ 15 ಆಂಪಿಯರ್ ಬೇಕು. ಕೆಲವು ಸೆಕೆಂಡು ಒಂದೂವರೆ ಪಟ್ಟು ಕೊಡಬಲ್ಲ 10 ಆಂಪಿಯರಿನ ಸಪ್ಲೈ ಅಷ್ಟು ಕೊಟ್ಟೀತು. 5 ಆಂಪಿಯರಿನದು ಏಳೂವರೆಗೆ ಕೈಚೆಲ್ಲುತ್ತದೆ. ಅದೂ ತಂತಿ ಗಿಡ್ಡವಿದ್ದರೆ. ಒಂದೂವರೆ ಚದರ ಮಿಲಿಮೀಟರಿನ ತಂತಿ 50 ಮೀಟರ್ ಹೋಗಿ ಬರುವಷ್ಟರಲ್ಲಿ 1.2 ಓಮ್ ಆಯಿತು. ಅದರ ತುದಿಯಲ್ಲಿ 2 ಆಂಪಿಯರ್ ಎಳೆದರೆ ದಾರಿಯಲ್ಲೇ 2.4 ವೋಲ್ಟು ಮಾಯ.

ಇಷ್ಟನ್ನೂ ಉತ್ತರವಾಗಿ ಬರೆದೆ. ಏಣಿಯ ಕಥೆ ಬಿಟ್ಟೆ. ನಮ್ಮ ಡಿಸೈನಿನ ಹುಡುಗಿ ಓದಿ, "ಸರ್, ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿದರೆ ಆಯ್ತಲ್ಲ, ಕೆಟ್ಟ ಬ್ರಾಂಚ್ ಒಂದನ್ನೇ ಮಿಲಿಸೆಕೆಂಡುಗಳಲ್ಲಿ ಕಡಿಯುತ್ತೆ" ಅಂದಳು. ನಿಜ, ಬ್ರಾಂಚಿಗೊಂದು ಕೆಂಪು ದೀಪವೂ ಇರುತ್ತದೆ. ಹಾಗಾದರೆ 10ರ ಬದಲು ಏಳೂವರೆ ಸಾಕು ಅನ್ನುವುದು ಅವಳ ವಾದ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಗಿಲು ಮುಚ್ಚಿದ ಪ್ಯಾನೆಲ್ಲಿನೊಳಗೆ ಕೈ ಇಟ್ಟು ನೋಡು, ಆಮೇಲೆ ಏಳೂವರೆಯ ಮಾತಾಡು ಅಂದೆ. ಎರಡನ್ನೂ ಬರೆದು ಕಳಿಸಿದ್ದೇವೆ: 10 ಆಂಪಿಯರ್, ಜೊತೆಗೆ ಎಲೆಕ್ಟ್ರಾನಿಕ್ ಬ್ರೇಕರ್. ಪರ್ಚೇಸಿನವರು ಈಗ ಮೇಲ್ ಬಿಟ್ಟು ಫೋನೇ ಮಾಡುತ್ತಿದ್ದಾರೆ.