ಎಳೆಗಿಡವಿಲ್ಲದ ಕಾಡು

ಇಂಗ್ಲೆಂಡಿನಲ್ಲಿ ಮಳೆಕಾಡು ಇದೆ ಎಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರು ಒಂದೇ ಮಾತಿಗೆ ನಂಬುವುದಿಲ್ಲ. ಮಳೆಕಾಡೆಂದರೆ ನಮಗೆ ಸೆಕೆ ಇರಬೇಕು, ಉಂಬಳ ಇರಬೇಕು, ಜೀರುಂಡೆಯ ಗದ್ದಲ ಇರಬೇಕು. ಅಲ್ಲಿ ಇದ್ಯಾವುದೂ ಇಲ್ಲ. ಅಟ್ಲಾಂಟಿಕ್ ಕಡೆಯಿಂದ ವರ್ಷವಿಡೀ ಬೀಸುವ ಒದ್ದೆ ಗಾಳಿ, ಹಿಡಿದರೆ ಬಿಡದ ಜಿಟಿಜಿಟಿ, ನಡುಬೇಸಿಗೆಯಲ್ಲೂ ಹಿತವಾಗಿಯೇ ಇರುವ ಬಿಸಿಲು, ಇಷ್ಟೇ ಅಲ್ಲಿನ ಬಂಡವಾಳ. ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಎಂಬ ಪುಟ್ಟ ಊರಿದೆ. ಇಂಗ್ಲೆಂಡಿನಲ್ಲಿ ಜನವಸತಿಯಿರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲೇ, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು. ಆಗುಂಬೆಯ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ನಮ್ಮ ಮಳೆ ನಾಲ್ಕು ತಿಂಗಳು ಸುರಿದು ಹೊರಟುಹೋಗುತ್ತದೆ, ಅಲ್ಲಿಯದು ಹನ್ನೆರಡು ತಿಂಗಳೂ ಹನಿಯುತ್ತದೆ. ಮರದ ತೊಗಟೆಗೆ ಒಣಗಲು ಪುರಸೊತ್ತೇ ಇಲ್ಲ. ಇಂಥ ಕಾಡನ್ನು ಸಮಶೀತೋಷ್ಣ ವಲಯದ ಮಳೆಕಾಡು ಎನ್ನುತ್ತಾರೆ.

ತೊಗಟೆ ಒಣಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ಸಾಕ್ಷಿಯಿದೆ. ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆಗೆ ಬೂದಿ ಬಣ್ಣದ, ಅಂಚು ಮುದುರಿದ ಕಲ್ಲುಹೂವು ಇರುತ್ತದಲ್ಲ, ಅದು ಹೂವೂ ಅಲ್ಲ, ಗಿಡವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಸೇರಿ ಹೂಡಿದ ಒಂದು ಸಂಸಾರ. ಪಾಚಿ ಬಿಸಿಲಿನಲ್ಲಿ ಊಟ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೊಂದು ಮನೆ ಕಟ್ಟಿಕೊಡುತ್ತದೆ. ಬ್ರಿಟನ್ನಿನ ಮಳೆಕಾಡಿನ ನಿಜವಾದ ಸಿರಿ ಈ ಕಲ್ಲುಹೂವಿನ ಬಳಗವೇ. ಅದರಲ್ಲಿ ಲಂಗ್‌ವರ್ಟ್ ಎನ್ನುವುದೊಂದಿದೆ. ಹಳೆಯ ಓಕ್ ಮರದ ಕಾಂಡದ ಮೇಲೆ ಅಂಗೈಯಗಲ ಎಲೆಯ ಹಾಗೆ ಹರಡಿಕೊಳ್ಳುತ್ತದೆ. ಒದ್ದೆಯಾದಾಗ ಕಡುಹಸಿರು, ಒಣಗಿದಾಗ ಕಾಗದದಂಥ ಕಂದು. ಮೇಲೆಲ್ಲ ಏಣು, ನಡುನಡುವೆ ತಗ್ಗು. ನೋಡಲು ಶ್ವಾಸಕೋಶದಂತಿದೆ ಎಂದು ಹಿಂದಿನ ಯೂರೋಪಿನ ವೈದ್ಯರು ಅದನ್ನು ಎದೆಯ ಬೇನೆಗೆ ಮದ್ದಾಗಿ ಕೊಡುತ್ತಿದ್ದರು. ಗಾಳಿಯಲ್ಲಿ ಗಂಧಕದ ಹೊಗೆ ಹೆಚ್ಚಾದರೆ ಮೊದಲು ಸಾಯುವವುಗಳಲ್ಲಿ ಇದೂ ಒಂದು. ಹಾಗಾಗಿ ಲಂಗ್‌ವರ್ಟ್ ಸೊಂಪಾಗಿ ಬೆಳೆದಿದ್ದರೆ ಅಲ್ಲಿನ ಗಾಳಿ ಚೊಕ್ಕಟವಾಗಿದೆ, ಕಾಡೂ ಹಳೆಯದು ಎಂದು ಕಣ್ಣುಮುಚ್ಚಿ ಹೇಳಬಹುದು.

ಡೆವನ್ ಪ್ರಾಂತದ ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಸೀಮೆಯಲ್ಲಿ, ಸುಮಾರು 400 ಮೀಟರ್ ಎತ್ತರದಲ್ಲಿ, ವಿಸ್ಟ್‌ಮನ್ಸ್ ವುಡ್ ಎಂಬ ಸಣ್ಣ ಕಾಡಿದೆ. ಸುತ್ತ ಕಣ್ಣು ಹಾಯುವಷ್ಟೂ ಹುಲ್ಲು, ನಡುವೆ ಈ ಒಂದು ತುಂಡು ಓಕ್ ಕಾಡು. ಮರಗಳು ಗಿಡ್ಡ, ಕೊಂಬೆಗಳು ಹಾವಿನಂತೆ ತಿರುಚಿಕೊಂಡಿವೆ. ಕೊಂಬೆಯ ಮೇಲೆ ದಪ್ಪ ಹಾವಸೆ, ಹಾವಸೆಯ ಮೇಲೆ ಜರೀಗಿಡ. ಕೆಳಗೆ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ, ಅವಕ್ಕೂ ಹಸಿರು ಹೊದಿಕೆ. ನೋಡಬಂದವರ ಕಾಲ್ತುಳಿತಕ್ಕೆ ಆ ಹೊದಿಕೆ ಕಿತ್ತುಬರತೊಡಗಿ, ಈಗ ಕಾಡಿನೊಳಗೆ ಕಾಲಿಡದೆ ಅಂಚಿನಲ್ಲೇ ನಡೆಯಿರಿ ಎಂದು ಕೇಳಿಕೊಳ್ಳುತ್ತಿದ್ದಾರೆ. ಸರಿಯಾದ ಮಾತೇ. ಎಲ್ಲ ಚೆಲುವನ್ನೂ ಮುಟ್ಟಿಯೇ ನೋಡಬೇಕೆಂದಿಲ್ಲ.

ಸುತ್ತ ಎಲ್ಲ ಬೋಳಾದರೂ ಇದೊಂದೇ ಹೇಗೆ ಉಳಿಯಿತು? ಆ ಬಂಡೆಗಳಿಂದ. ಬಂಡೆಯ ಸಂದಿಗೆ ಬಿದ್ದ ಓಕ್ ಬೀಜ ಮೊಳೆತು ಮೇಲೆದ್ದರೆ ಕುರಿಯ ಬಾಯಿಗೆ ಎಟುಕುವುದಿಲ್ಲ. ಇಡೀ ಕಥೆಯ ಗಂಟು ಇರುವುದು ಇಲ್ಲೇ. ಒಂದು ಕಾಲಕ್ಕೆ ಬ್ರಿಟನ್ನಿನ ಪಶ್ಚಿಮ ಅಂಚನ್ನೆಲ್ಲ ಹಬ್ಬಿದ್ದ ಈ ಕಾಡು ಇಂದು ಆ ನಾಡಿನ ನೂರರಲ್ಲಿ ಒಂದು ಪಾಲೂ ಉಳಿದಿಲ್ಲ. ಉಳಿದ ಎಷ್ಟೋ ಕಡೆ ಮರಗಳೇನೋ ಗಟ್ಟಿಯಾಗಿಯೇ ನಿಂತಿವೆ. ಆದರೆ ಬುಡದಲ್ಲಿ ಮೊಣಕಾಲೆತ್ತರದ ಒಂದು ಸಸಿ ಹುಡುಕಿದರೂ ಸಿಗದು. ನಮ್ಮ ಮಲೆನಾಡಿನ ಎಷ್ಟೋ ತೊಟ್ಟಿಮನೆಗಳ ಹಾಗೆ: ಜಗುಲಿಯ ಮೇಲೆ ಅಜ್ಜ ಅಜ್ಜಿ ಇದ್ದಾರೆ, ಅಂಗಳದಲ್ಲಿ ಆಡುವ ಮಕ್ಕಳಿಲ್ಲ. ಮೊಳೆತದ್ದನ್ನೆಲ್ಲ ಕುರಿಯೋ ಜಿಂಕೆಯೋ ಮೇಯುತ್ತದೆ. ಇನ್ನೂರು ವರ್ಷದ ಮರ ಬಿದ್ದ ದಿನ ಅದರ ಜಾಗಕ್ಕೆ ಬರಲು ಯಾರೂ ಇರುವುದಿಲ್ಲ. ದೂರದಿಂದ ನೋಡಿದವರಿಗೆ ಕಾಡು ಕ್ಷೇಮವಾಗಿರುವಂತೆ ಕಾಣುತ್ತದೆ. ನನಗೆ ಭಯವಾಗುವುದು ಅದಕ್ಕೇ. ಕೊಡಲಿಯ ಸದ್ದಾದರೆ ಊರೇ ಓಡಿಬರುತ್ತದೆ. ಮೇಯುವ ಬಾಯಿಗೆ ಸದ್ದಿಲ್ಲ.

ಕೊಡಲಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. 1753ರಲ್ಲಿ ಉತ್ತರ ಇಂಗ್ಲೆಂಡಿನ ಕಬ್ಬಿಣದ ಧಣಿಗಳು ಸ್ಕಾಟ್ಲೆಂಡಿನ ಲಾಕ್ ಎಟಿವ್ ಹಿನ್ನೀರಿನ ದಡದಲ್ಲಿ ಬೊನಾವ್ ಎಂಬಲ್ಲಿ ಕುಲುಮೆ ಹೂಡಿದರು. ಅದಿರು ಇದ್ದದ್ದು ಇಂಗ್ಲೆಂಡಿನಲ್ಲಿ, ಓಕ್ ಕಾಡು ಇದ್ದದ್ದು ಇಲ್ಲಿ. ಇದ್ದಿಲನ್ನು ದೂರ ಸಾಗಿಸಿದರೆ ಪುಡಿಯಾಗುತ್ತದೆ, ಹಾಗಾಗಿ ಅದಿರನ್ನೇ ಹಡಗಿಗೆ ಹೇರಿ ತಂದರು. ಇಂಥ ಕುಲುಮೆ ಬಂದಮೇಲೆ ಕಾಡು ಮುಗಿದೇಹೋಯಿತು ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಇದ್ದಿಲು ವರ್ಷವರ್ಷವೂ ಬೇಕಲ್ಲ, ಅದಕ್ಕೆ ಮರವನ್ನು ಬುಡದವರೆಗೆ ಕಡಿದು, ಕೂಳೆ ಚಿಗುರಲು ಬಿಟ್ಟು, ಆ ಚಿಗುರಿಗೆ ದನಕುರಿ ಬಾಯಿ ಹಾಕದಂತೆ ಕಾದರು. 1876ರಲ್ಲಿ ಕುಲುಮೆ ಆರಿತು, ಓಕ್ ಕಾಡಿಗೆ ಬೆಲೆ ಇಲ್ಲವಾಯಿತು. ಕಡಿಯುವವರಿದ್ದಾಗ ಬದುಕಿದ್ದ ಕಾಡು ಕೇಳುವವರಿಲ್ಲದಾಗ ಮುದಿಯಾಯಿತು.

ಮುಂದೆ 1919ರಲ್ಲಿ ಬ್ರಿಟನ್ನಿನಲ್ಲಿ ಅರಣ್ಯ ಆಯೋಗ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ನಾಟಾ ಸಾಲದೆ ಕಂಗೆಟ್ಟಿದ್ದ ದೇಶ ಬೇಗ ಬೆಳೆಯುವ ಮರ ಹುಡುಕಿ ಸಿಟ್ಕಾ ಸ್ಪ್ರೂಸ್ ನೆಟ್ಟಿತು. ಎಷ್ಟೋ ಹಳೆಯ ಓಕ್ ಕಾಡುಗಳು ಅದರ ಕಗ್ಗತ್ತಲ ನೆರಳಿನಲ್ಲಿ ಸೊರಗಿದವು. ಈ ಸಿಟ್ಕಾ ಎಲ್ಲಿಯದೆಂದರೆ, ಅದೂ ಒಂದು ಮಳೆಕಾಡಿನದೇ. ಅಲಾಸ್ಕಾದಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾ ದಾಟಿ ಕೆಳಗಿಳಿಯುವ ಪೆಸಿಫಿಕ್ ಕರಾವಳಿಯ ಮಹಾರಣ್ಯದ ಮರ. ಡೇವಿಡ್ ಡಗ್ಲಸ್ ಎಂಬ ಸಸ್ಯಶೋಧಕ 1831ರಲ್ಲಿ ಅದರ ಬೀಜ ತಂದ. ತವರಿನಲ್ಲಿ ಅದೇ ಮರವನ್ನು ಉಳಿಸಲು ಜನ ಜೈಲಿಗೆ ಹೋಗಿದ್ದಾರೆ. 1993ರ ಬೇಸಿಗೆಯಲ್ಲಿ ವ್ಯಾಂಕೂವರ್ ದ್ವೀಪದ ಕ್ಲೇಯೊಕ್ವಾಟ್ ಸೌಂಡ್‌ನಲ್ಲಿ ನಾಟಾ ಲಾರಿಗಳ ದಾರಿಗೆ ಅಡ್ಡ ನಿಂತ 850ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅದೇ ಕರಾವಳಿಯ ಗ್ರೇಟ್ ಬೇರ್ ಮಳೆಕಾಡಿನ ಸುಮಾರು 64 ಲಕ್ಷ ಹೆಕ್ಟೇರಿನ ಬಗ್ಗೆ 2016ರಲ್ಲಿ ಒಪ್ಪಂದವಾಯಿತು. ಅಲ್ಲಿನ ಮೂಲನಿವಾಸಿ ಜನಾಂಗಗಳು, ಸರಕಾರ, ನಾಟಾ ಕಂಪನಿಗಳು, ಪರಿಸರ ಸಂಘಟನೆಗಳು ವರ್ಷಗಟ್ಟಲೆ ಕೂತು ಮಾತಾಡಿ, ಕಾಡಿನ ನೂರಕ್ಕೆ 85 ಪಾಲಿಗೆ ಗರಗಸ ತಾಗದಂತೆ ಗೊತ್ತುಮಾಡಿದವು. ಉಳಿಸಲು ಅಷ್ಟು ದೊಡ್ಡ ಕಾಡು ಕೆನಡಾದಲ್ಲಿತ್ತು. ಬ್ರಿಟನ್ನಿನಲ್ಲಿ ಉಳಿದಿರುವುದು ಚೂರುಪಾರು, ಅದನ್ನು ಬೆಳೆಸಿಕೊಳ್ಳಬೇಕು.

ಬೆಳೆಸುವುದಕ್ಕೆ ಮೊದಲ ಅಡ್ಡಿ ರೋಡೊಡೆಂಡ್ರನ್. ಹದಿನೆಂಟನೇ ಶತಮಾನದಲ್ಲಿ ತೋಟದ ಚೆಂದಕ್ಕೆ ತಂದ ಪೊದೆ ಅದು. ಗುಲಾಬಿ-ನೇರಳೆ ಹೂವು ನಿಜಕ್ಕೂ ಚೆನ್ನ. ಆದರೆ ದೊಡ್ಡ ಪೊದೆಯೊಂದು ವರ್ಷಕ್ಕೆ ಹತ್ತು ಲಕ್ಷ ಬೀಜ ಉದುರಿಸುತ್ತದೆ, ಅದರ ಕೆಳಗೆ ಹಾವಸೆಯೂ ಬದುಕುವುದಿಲ್ಲ. ಲಂಟಾನ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿದರೆ ಚಿಗುರುತ್ತದೆ, ಬೇರಿಗೆ ಮದ್ದು ಹಾಕಬೇಕು, ಮಾರನೇ ವರ್ಷ ಮತ್ತೆ ಬಂದು ನೋಡಬೇಕು.

ಎರಡನೆಯ ಅಡ್ಡಿ ಮೇಯುವ ಬಾಯಿ, ಅದಕ್ಕೆ ಮದ್ದು ಬೇಲಿ. ಐರ್ಲೆಂಡಿನ ಬೇರಾ ಪರ್ಯಾಯದ್ವೀಪದಲ್ಲಿ ಓವನ್ ಡಾಲ್ಟನ್ ಎಂಬವರು 2009ರಲ್ಲಿ 73 ಎಕರೆ ಜಮೀನು ಕೊಂಡರು. ವೃತ್ತಿಯಿಂದ ಹಳೆಯ ಶಿಲ್ಪಗಳನ್ನು ದುರಸ್ತಿ ಮಾಡುವವರು. ಜಮೀನಿನಲ್ಲಿ ಹಳೆಯ ಕಾಡಿತ್ತು, ನೆಲ ಮಾತ್ರ ಬರಿದು. ಕಾಡಾಡುಗಳೂ ಸಿಕಾ ಜಿಂಕೆಗಳೂ ಸಿಕ್ಕಿದ್ದನ್ನೆಲ್ಲ ಮುಕ್ಕುತ್ತಿದ್ದವು. ಅವರು ಬೇಲಿ ಹಾಕಿಸಿದರು. ನೆಲದಡಿ ಕಾದಿದ್ದ ಹೂಗಿಡಗಳು ಎದ್ದವು, ಸಸಿಗಳು ತಲೆಯೆತ್ತಿದವು. ನೆಡುವ ಕೆಲಸಕ್ಕೆ ಜೇ ಹಕ್ಕಿ ಇದ್ದೇ ಇದೆ. ಕಾಗೆಯ ಬಳಗದ ಈ ಹಕ್ಕಿ ಚಳಿಗಾಲಕ್ಕೆಂದು ಓಕ್ ಬೀಜಗಳನ್ನು ಸಾವಿರಗಟ್ಟಲೆ ಹೂತಿಡುತ್ತದೆ, ತಿನ್ನದೆ ಉಳಿದವು ಮರವಾಗುತ್ತವೆ. ವನಮಹೋತ್ಸವದ ಫೋಟೊ ತೆಗೆಸಿಕೊಳ್ಳುವವರಿಗಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ.

ದುಡ್ಡೂ ಬರುತ್ತಿದೆ. ಅವೀವಾ ವಿಮಾ ಕಂಪನಿ 2023ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್‌ಗಳಿಗೆ 3.8 ಕೋಟಿ ಪೌಂಡ್ ಕೊಟ್ಟಿತು, ಯೋಜನೆಯ ಅವಧಿ ನೂರು ವರ್ಷ. ವಿಸ್ಟ್‌ಮನ್ಸ್ ವುಡ್ಡನ್ನು 2040ರ ಹೊತ್ತಿಗೆ ಇಮ್ಮಡಿ ಮಾಡುತ್ತೇವೆ ಎಂದು ಅದರ ಒಡೆತನದ ಡಚಿ ಆಫ್ ಕಾರ್ನ್‌ವಾಲ್ ಸಾರಿದೆ. ಇಷ್ಟರ ನಡುವೆ ಕುರಿಗಾರರನ್ನು ಮರೆಯುವಂತಿಲ್ಲ. ತಲೆಮಾರುಗಳಿಂದ ಆ ಗುಡ್ಡದಲ್ಲೇ ಬದುಕಿದವರು, ಕುರಿಯ ತಲೆ ಎಣಿಸಿ ಸರಕಾರವೇ ಸಹಾಯಧನ ಕೊಟ್ಟ ಕಾಲವೂ ಇತ್ತು. ಈಗ ಕುರಿ ಇಳಿಸಿ ಎನ್ನುವವರು ಅದರ ನಷ್ಟವನ್ನೂ ಹೊರಬೇಕು. ಕುರಿಗಾರರು ಸಾಕುವ ದನಗಳು ಕಾಡಿಗೆ ಬೇಕು ಕೂಡ. ಮೇವು ಪೂರ್ತಿ ನಿಂತರೆ ಮುಳ್ಳುಪೊದೆ ಏರಿ, ಕಾಂಡದ ಮೇಲಿನ ಲಂಗ್‌ವರ್ಟ್‌ಗೆ ಬೆಳಕು ತಪ್ಪುತ್ತದೆ. ಸಸಿಗಳು ದನದ ಬಾಯಿಗೆ ಮೀರಿ ಬೆಳೆಯುವವರೆಗೆ ಬೇಲಿ ಇರಲಿ, ಆಮೇಲೆ ನಾಲ್ಕು ದನ ಒಳಗೆ ಬರಲಿ. ಯಾವ ಕಾಡಿಗೆ ಎಷ್ಟು ದನ, ಯಾವ ತಿಂಗಳು ಎನ್ನುವುದನ್ನು ಆ ಗುಡ್ಡದ ದನಗಾರನನ್ನು ಜೊತೆಗೆ ಕೂರಿಸಿಕೊಂಡೇ ತೀರ್ಮಾನಿಸಬೇಕು.