ಆಗುಂಬೆ ಘಾಟಿಯಲ್ಲಿ ರೀಟೇಕ್ ಇಲ್ಲ!

ಡಿಸೆಂಬರ್ ಚಳಿ, ಹಳೇ ಯೆಜ್ಡಿ, ಹಿಂದಿನ ಸೀಟು ಖಾಲಿ! ಶಿವಮೊಗ್ಗ ಬಿಟ್ಟರೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ... ಅಲ್ಲೀತನಕ ತುಂಗೆಯೇ ಜೊತೆಗಾತಿ. ಬೆಳಗಿನ ಮಂಜಿಗೆ ಬೆರಳು ಮರಗಟ್ಟಿ ಕ್ಲಚ್ ಹಿಡಿಯೋದೇ ಕಷ್ಟ. ಗೂಡಂಗಡಿ ಕಂಡಲ್ಲಿ ಇಳಿದು ಬಿಸಿ ಟೀ ಗ್ಲಾಸು ಹಿಡಿದರೇನೇ ಜೀವ!

ತೀರ್ಥಹಳ್ಳಿಯಿಂದ ಸುಮಾರು 30 ಕಿ.ಮೀ. ಓಡಿದರೆ ಆಗುಂಬೆ. 1980ರ ದಶಕದಲ್ಲಿ ನಮ್ಮ ಶಂಕರ್‌ನಾಗ್ ‘ಮಾಲ್ಗುಡಿ’ ಅಂತ ತೋರಿಸಿದ್ದು ಇದೇ ಊರನ್ನ. ಮಳೆಗಾಲದಲ್ಲಿ ಮುಖ ಮರೆಸೋ ಸೂರ್ಯ ಚಳಿಗಾಲದ ಸಂಜೆ ಅರಬ್ಬೀ ಸಮುದ್ರದ ಕಡೆ ಇಳಿಯೋದನ್ನ ಘಾಟಿಯ ನೆತ್ತಿಯಿಂದ ನೋಡಬೇಕು!

ಗೆಳೆಯರೇ, ಅಪಾಯ ಶುರುವಾಗೋದೇ ಆಮೇಲೆ. ಅದೇ ಹುರುಪಲ್ಲಿ ಕತ್ತಲಲ್ಲಿ ಸೋಮೇಶ್ವರಕ್ಕೆ ಇಳಿಯಬೇಡಿ. 14 ಕಡಿದಾದ ತಿರುವು; ಒಂಟಿಯಾಗಿ ಬಿದ್ದರೆ ಎತ್ತೋರಿಲ್ಲ. ಪೆಟ್ರೋಲ್ ಉಳಿಸೋಕೆ ಎಂಜಿನ್ ಆಫ್ ಮಾಡೋದಂತೂ ಕೂಡದು. ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಕೈಕೊಡುತ್ತೆ. ಸೆಕೆಂಡ್ ಗೇರಿನಲ್ಲೇ ಇಳಿಯಿರಿ. ಯೆಜ್ಡಿಯಂಥ ಹಳೇ ಟೂ-ಸ್ಟ್ರೋಕ್ ಆದರೆ ಆಗಾಗ ಸ್ವಲ್ಪ ರೇಸ್ ಕೊಡಿ. ಅದರ ಎಂಜಿನ್ನಿಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ. ಅದು ಸಾಲದಾದರೆ ಎಂಜಿನ್ ಸೀಜ್!

ಪರದೆಯ ಹೀರೋಗೆ ಡ್ಯೂಪ್ ಇರ್ತಾನೆ, ರೀಟೇಕ್ ಇರುತ್ತೆ. ಮಾಲ್ಗುಡಿ ಕಟ್ಟಿದ ಶಂಕರಣ್ಣನನ್ನೇ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತ ಕಸಿದುಕೊಂಡಿತಲ್ಲ... ರಾತ್ರಿ ಆಗುಂಬೆಯಲ್ಲೇ ತಂಗಿ, ಬೆಳಿಗ್ಗೆ ಮಂಜು ಕರಗಿದ ಮೇಲೆ ಇಳಿಯಿರಿ. ಘಾಟಿ ಎಲ್ಲೂ ಓಡಿಹೋಗೋದಿಲ್ಲ!